ಗಿರಣಿಯಕ್ಕ ಬಾಯಿ ಮುಚ್ಚಿದ ದಿನ

ನನ್ನ ಕ್ಷೌರದಂಗಡಿಯ ಎದುರಿಗೇ ಗಿರಣಿಯಕ್ಕನ ಹಿಟ್ಟಿನ ಗಿರಣಿ. ಯಂತ್ರದ ಗದ್ದಲದಲ್ಲಿ ಮಾತಾಡಿ ಮಾತಾಡಿ ಅವಳು ಗುಟ್ಟು ಹೇಳಿದರೂ ಬೀದಿಗೆಲ್ಲ ಗೊತ್ತಾಗುತ್ತಿತ್ತು. "ಮೆಲ್ಲಗೆ ಹೇಳಕ್ಕಾ" ಅಂದರೆ, "ಮೆಲ್ಲಗೇ ಹೇಳ್ತಿದೀನಲ್ಲೋ!" ಎಂದು ಕೂಗುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಬೆಲ್ಟ್ ಬಿಗಿಯುವುದರಿಂದ ಹಿಡಿದು ಸವೆದ ಕಲ್ಲಿಗೆ ಉಳಿಪೆಟ್ಟು ಕೊಡುವವರೆಗೆ ಎಲ್ಲವನ್ನೂ ಒಬ್ಬಳೇ ಮಾಡಿ ಮಗಳಿಗೆ ಕಂಪ್ಯೂಟರ್ ಓದಿಸಿದಳು. ಆದರೆ ಒಂದು ಅಪಘಾತದಲ್ಲಿ ಮುರಿದ ಮಗಳ ಕಾಲು ಮತ್ತೆ ನೆಟ್ಟಗಾಗಲಿಲ್ಲ. ದಿನಾ ಬಸ್ಸು ಹತ್ತಿ ಪಟ್ಟಣಕ್ಕೆ ಹೋಗಲಾಗದೆ ಹುಡುಗಿಗೆ ಸಿಕ್ಕಿದ್ದ ಕೆಲಸವೂ ಕೈತಪ್ಪಿತು. ಆಮೇಲೆ ಅವಳು ಗಿರಣಿಯ ಹಿಂದಿನ ಕೋಣೆ ಬಿಟ್ಟು ಹೊರಗೇ ಬರಲಿಲ್ಲ. "ನಾನಿದ್ದು ಏನು ಪ್ರಯೋಜನಮ್ಮ?" ಅಂದಳಂತೆ. ಅದನ್ನು ನನಗೆ ಹೇಳಿ ಅಕ್ಕ ಅತ್ತಳು. ಅತ್ತದ್ದೂ ಇಡೀ ಬೀದಿಗೆ ಕೇಳಿಸಿತು.

ಅಷ್ಟರಲ್ಲಿ, ಗಿರಣಿಯ ಪಕ್ಕದ ಮುಚ್ಚಿದ ಚಿತ್ರಮಂದಿರ ನೋಡಲು ಒಂದು ಕಂಪನಿಯವರು ಬರುತ್ತಾರೆಂದು ಸುದ್ದಿಯಾಯಿತು. ಕಂಪ್ಯೂಟರ್ ಮುಂದೆ ಕೂತು ಫೋನಿನಲ್ಲಿ ಗಿರಾಕಿಗಳಿಗೆ ಉತ್ತರ ಕೊಡುವ ಕೆಲಸ. ಹುಡುಗಿ ಕೋಲೂರಿಕೊಂಡೇ ಹೋಗಬಹುದು! ಫೋನ್ ಕೆಲಸಕ್ಕೆ ನಿಶ್ಶಬ್ದ ಬೇಕೆಂದು ಯಾರೋ ಪುರಸಭೆ ಅಧ್ಯಕ್ಷರ ಕಿವಿಯಲ್ಲಿ ಊದಿದರು. ಅವರಿಗೆ ಅಷ್ಟೇ ಸಾಕಾಯಿತು. ಶಾಲೆಗೆ ರಜೆ, ಅಂಗಡಿಗಳಿಗೆ ಬಾಗಿಲು, ತರಕಾರಿಯವರು ಊರಾಚೆ. ನನ್ನ ರೇಡಿಯೋವನ್ನೂ ಹೊತ್ತೊಯ್ದರು, ಮಹಾನುಭಾವರು. ಕೊನೆಗೆ ಗಿರಣಿಯ ಮುಂದೆ ನಿಂತು ಕೈಮುಗಿದರು.

"ಅಕ್ಕಾ, ಗಿರಣಿ ನಿಲ್ಸು. ಬಾಯೂ ನಿಲ್ಸು."

"ಮಗಳಿಗೆ ಕೆಲಸ ಸಿಗೋದಾದ್ರೆ ಬಾಯಿ ಹೊಲ್ಕೊಂಡೇ ಕೂರ್ತೀನಿ," ಎಂದಳು ಅಕ್ಕ.

ನಾನು ಮುಚ್ಚಿದ ಷಟರಿನ ಸಂದಿಯಿಂದ ನೋಡುತ್ತಿದ್ದೆ. ಕಂಪನಿಯಿಂದ ಬಂದ ಹೆಂಗಸು ಚಿತ್ರಮಂದಿರ ಸುತ್ತಿ ಬಂದು ಬೀದಿಯುದ್ದಕ್ಕೂ ಕಣ್ಣು ಹಾಯಿಸಿದಳು. ನಾಯಿಯೊಂದು ಮೈ ಕೆರೆದುಕೊಳ್ಳುತ್ತಿತ್ತು, ಅಷ್ಟೇ. ಆಕೆ ಗಿರಣಿಯ ಹೊಸ್ತಿಲಲ್ಲಿ ನಿಂತು ಕೇಳಿದಳು: "ಅಮ್ಮಾ, ಈ ಊರಲ್ಲಿ ಕಂಪ್ಯೂಟರ್ ಕಲಿತೋರು ಯಾರಾದ್ರೂ ಇದ್ದಾರಾ?"

ಅಕ್ಕ ತುಟಿ ಬಿಗಿ ಹಿಡಿದಳು. ಬಾಯಿ ತೆರೆದರೆ ಕೂಗು, ಕೂಗಿದರೆ ಮಗಳ ಕೆಲಸ ಹೋಯಿತು! ಹೌದೆಂದು ಜೋರಾಗಿ ತಲೆಯಾಡಿಸುತ್ತ ಹಿಂದಿನ ಕೋಣೆಯತ್ತ ಕೈ ತೋರಿಸಿದಳು. ಆಕೆಗೆ ಕಂಡದ್ದು ಕೋಣೆಗೆ ಮರೆಯಾಗಿ ಒಟ್ಟಿದ್ದ ಹಿಟ್ಟಿನ ಮೂಟೆಗಳು ಮಾತ್ರ.

"ಪಾಪ, ಮಾತು ಬರಲ್ಲ ಅನ್ಸುತ್ತೆ," ಎಂದು ಆಕೆ ತಿರುಗಿದಳು. "ಇದ್ದಾರೆ ಮೇಡಂ, ಇದ್ದಾರೆ," ಎಂದು ಅಧ್ಯಕ್ಷರು ಪಿಸುಗುಡುತ್ತ ಹಿಂದೆ ಓಡಿದರು.

"ಎಲ್ಲಿದ್ದಾರೆ ಸಾರ್? ಊರಲ್ಲಿ ನರಪಿಳ್ಳೆ ಇಲ್ಲ. ಬರೀ ಕಟ್ಟಡ ತಗೊಂಡು ಏನ್ಮಾಡೋದು?"

ನಾನು ಷಟರು ಎತ್ತುವಷ್ಟರಲ್ಲಿ ಕಾರು ಹೊರಟಿತ್ತು.

"ಇದ್ದಾಳೆ! ನನ್ನ ಮಗಳಿದ್ದಾಳೆ!" ಅಕ್ಕ ಆಗ ಕೂಗಿದಳು. ಕಾರಿನ ಗಾಜು ಏರಿತ್ತು. ಒಳಗೋಡಿ ಗಿರಣಿ ಶುರು ಮಾಡಿದಳು. ಕಾಳಿಲ್ಲದೆ ತಿರುಗಿಸಿದರೆ ಕಲ್ಲು ಹಾಳಾಗುತ್ತದೆಂದು ಎಲ್ಲರನ್ನೂ ಬೈಯುತ್ತಿದ್ದವಳು ಬರಿಗಲ್ಲನ್ನೇ ತಿರುಗಲು ಬಿಟ್ಟಳು. ಕಲ್ಲಿಗೆ ಕಲ್ಲು ಉಜ್ಜಿ ಬೀದಿಯೆಲ್ಲ ಕಿರುಚಿತು. ಕಾರು ನಿಲ್ಲಲಿಲ್ಲ.

ಮಗಳು ಕೋಲೂರಿಕೊಂಡು ಹೊರಬಂದು ಸ್ವಿಚ್ ಆರಿಸಿದಳು. ಇಸ್ತ್ರಿ ಮಾಡಿದ ಬಟ್ಟೆ, ನೀಟಾಗಿ ಬಾಚಿದ ತಲೆ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗುವಿತ್ತು.

"ಬಂದ್ರಾ ಅಮ್ಮಾ? ನೀನು ಕೂಗಿದ್ದು ಕೇಳಿಸ್ತು, ಅದಕ್ಕೇ ಬಂದೆ."

ಅಕ್ಕ ಏನೋ ಹೇಳಿದಳು. ಎದುರಂಗಡಿಯಲ್ಲಿದ್ದ ನನಗೆ ಅದು ಕೇಳಿಸಲಿಲ್ಲ.