ಎಲ್ಲ ಶಾಲೆಗಳಲ್ಲೂ ಒಂದೇ ಹುಡುಗ

ಮೇಷ್ಟ್ರುಗಳಿಗೆ ತರಬೇತಿ ಕೊಡುವುದೆಂದರೆ ಮೊದಲ ಒಂದು ತಾಸು ಸುಮ್ಮನೆ ನಿಂತು ಬೈಸಿಕೊಳ್ಳುವುದು. ನಾನೂ ಎಷ್ಟೋ ವರ್ಷ ಅದೇ ಬೆಂಚುಗಳಲ್ಲಿ ಕೂತು ಬೈದವಳೇ, ಹಾಗಾಗಿ ಬೇಸರವಿರಲಿಲ್ಲ. ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವ ಮಕ್ಕಳ ಕಲಿಕೆ ನೋಡಿಕೊಳ್ಳುವ ಶಿಕ್ಷಕಿಯೆಂದು ನನ್ನನ್ನು ಹಾಕಿ, ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಕಡೆ ತಿರುಗಲು ಹೇಳಿದ್ದರು. ನಾನು ಹೇಳಬೇಕಾದದ್ದು ಒಂದೇ ಮಾತು. ಪಾಠ ಮುಗಿಸಿದ ಮೇಲೆ ‘ಅಯ್ಯೋ, ಆ ಮಗುವಿಗೆ ಕಾಣಿಸಲಿಲ್ಲ, ಈ ಮಗುವಿಗೆ ಕೇಳಿಸಲಿಲ್ಲ’ ಎಂದು ಒದ್ದಾಡಬೇಡಿ, ಪಾಠ ಯೋಚಿಸುವಾಗಲೇ ಆ ಮಗುವನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ.

ಸಿರುಗುಪ್ಪದ ತರಬೇತಿಯಲ್ಲಿ ಒಬ್ಬ ಹಿರಿಯ ಹೆಡ್‌ಮಾಸ್ತರು ಎದ್ದು ನಿಂತರು. ಊರಾಚೆ, ಗದ್ದೆಗಳ ನಡುವಿನ ಶಾಲೆ ಅವರದು.

“ಮೇಡಂ, ಏಳು ಕ್ಲಾಸು, ಮೂರು ಮಂದಿ ಮೇಷ್ಟ್ರು. ಅದ್ರಾಗ ಒಬ್ರು ಮೊಟ್ಟಿ ಬೇಸೋ ಹತ್ರ ನಿಂತಿರ್ತಾರ, ಒಬ್ರು ಮೀಟಿಂಗ್‌ನಾಗ ಇರ್ತಾರ. ಉಳಿದಾವ ನಾನು. ಈಗ ಮನಸಿನ್ಯಾಗ ಬ್ಯಾರೆ ಕೂಡಿಸ್ಕೋರಿ ಅಂತೀರಿ. ಎಲ್ಲಿ ಕೂಡಿಸೂದ್ರಿ, ಜಾಗ ಬೇಕಲ್ಲ?”

ಇಡೀ ಕೋಣೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಸ್ವಲ್ಪ ತಡವಾಗಿ ಬಂದರೂ ಬಂದದ್ದು ಬೇಗ ಹೋಗುವುದಿಲ್ಲ. “ಮನಸ್ಸಿನಲ್ಲಿ ಜಾಗ ಇಲ್ಲದವರು ಕೈ ಎತ್ತಿ, ಹೆಸರು ಬರೆದುಕೊಳ್ಳುತ್ತೇನೆ” ಎಂದೆ. ಯಾರೂ ಎತ್ತಲಿಲ್ಲ. ಹೆಡ್‌ಮಾಸ್ತರು ಕೂತು, ಪಕ್ಕದವರಿಗೆ ಮೆಲ್ಲಗೆ, “ಮೇಡಂ ಖಾರ ಅದಾರ” ಎಂದದ್ದು ನನಗೂ ಕೇಳಿಸಿತು.

ಮೇಷ್ಟ್ರುಗಳ ಪಾಠ ಯೋಜನೆಯ ಹಾಳೆಯಲ್ಲಿ ಮೊದಲಿಂದಲೂ ನಾಲ್ಕು ಕಾಲಂ. ನಾನು ಐದನೆಯದೊಂದನ್ನು ಸೇರಿಸಿದ್ದೆ. ಈ ಪಾಠ ಯಾವ ಮಗುವಿಗೆ ತಲುಪದೇ ಹೋಗಬಹುದು, ತಲುಪಿಸಲು ನಾನೇನು ಮಾಡುತ್ತೇನೆ ಎಂದು ಅಲ್ಲಿ ಬರೆಯಬೇಕು. ಅಷ್ಟೇ. ಅದಕ್ಕೇ ಅಷ್ಟೆಲ್ಲ ಗಲಾಟೆ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ತಿಂಗಳುಗಟ್ಟಲೆ ತಿರುಗಿದ ಮೇಲೆ ಕುರುಗೋಡಿನಲ್ಲಿ ಒಬ್ಬ ಟೀಚರ್ ಸಿಕ್ಕರು. ಹೊಸಬರು, ಮಾತು ಕಡಿಮೆ. ಅವರ ನಾಲ್ಕನೆಯ ತರಗತಿಯಲ್ಲಿ ಕಣ್ಣು ಮಂಜಾದ ಹುಡುಗನೊಬ್ಬನಿದ್ದ. ಮಣ್ಣಿನ ಪಾಠ ಬಂದಾಗ ಅವರು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಎರೆಮಣ್ಣು, ಕೆಂಪುಮಣ್ಣು, ಉಸುಕು ಮೂರನ್ನೂ ಊಟದ ತಟ್ಟೆಗಳಲ್ಲಿ ತುಂಬಿ ತಂದರು. ಮಕ್ಕಳೆಲ್ಲ ಕಣ್ಣು ಮುಚ್ಚಿ ಮುಟ್ಟಿ ಹೇಳಬೇಕು. ಆ ಹುಡುಗ ಎಲ್ಲರಿಗಿಂತ ಮೊದಲು ಹೇಳಿದ. ಎರೆಮಣ್ಣನ್ನು ನೀರು ಹಾಕಿ ಹಿಚುಕಿ, “ಇದು ಕೈ ಬಿಡಂಗಿಲ್ರಿ” ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಅತ್ತೆ. ಸಂತೋಷಕ್ಕೆ ಅತ್ತದ್ದು ಆ ಇಡೀ ವರ್ಷದಲ್ಲಿ ಅದೊಂದೇ ಸಲ.

ಆ ಟೀಚರ್ ಐದನೆಯ ಕಾಲಂ ಎಷ್ಟು ಚೆನ್ನಾಗಿ ತುಂಬಿದ್ದರೆಂದರೆ, ಅದರ ಫೋಟೋ ತೆಗೆದು ಮೂರೂ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ. ಮೇಲೆ ನಾನೇ ಒಂದು ಪದ ಟೈಪ್ ಮಾಡಿದೆ: ‘ಮಾದರಿ’.

ಅದೇ ವಾರ ಸಿರುಗುಪ್ಪದ ಆ ಹೆಡ್‌ಮಾಸ್ತರ ಶಾಲೆಗೆ ಹೋದೆ. ಏಳನೆಯ ತರಗತಿಯಲ್ಲಿ ಒಬ್ಬ ಹುಡುಗಿಯನ್ನು ತೋರಿಸಿ, “ಇಕಿ ಸ್ವಲ್ಪ ಮಂದ ಅದಾಳ್ರಿ, ಕೇಳಿದ್ದಕ್ಕ ಉತ್ರ ಕೊಡಂಗಿಲ್ಲ” ಎಂದರು. ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ. ತರಗತಿಯೆಲ್ಲ ತಿರುಗಿತು, ಅವಳು ತಿರುಗಲಿಲ್ಲ. ಎದುರಿಗೆ ಬಂದು ಮಾತಾಡಿಸಿದೆ. ಪಟಪಟ ಉತ್ತರ ಕೊಟ್ಟಳು, ಜೋರು ದನಿಯಲ್ಲಿ. ನನ್ನ ಸೀರೆ ಚೆನ್ನಾಗಿದೆ ಎಂದೂ ಹೇಳಿದಳು. ಮಂದವೂ ಇಲ್ಲ, ಏನೂ ಇಲ್ಲ, ಮೇಷ್ಟ್ರ ತುಟಿ ನೋಡಿಕೊಂಡು ಏಳು ವರ್ಷ ಪಾಸಾಗಿ ಬಂದವಳು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ಅವಳಿಗೆ ಪಾಠ ನಿಲ್ಲುತ್ತಿತ್ತು.

ಹೆಡ್‌ಮಾಸ್ತರು ಒಳ್ಳೆಯವರು. ಅವರ ಮುಖ ಸಣ್ಣದಾಯಿತು. “ಏಳು ವರ್ಷರೀ ಮೇಡಂ. ನನಗ ಗೊತ್ತಾಗ್ಲಿಲ್ಲ ನೋಡ್ರಿ” ಎಂದು ಎರಡು ಸಲ ಹೇಳಿದರು.

ಸಂಜೆ ಅವಳ ತಾಯಿಯನ್ನು ನೋಡಲು ಹೋದೆ. ಅಕ್ಕಿ ಮಿಲ್ಲಿನ ಕಣದಲ್ಲಿ ಭತ್ತ ಹರವುವ ಕೆಲಸ. ಕೈಯಲ್ಲಿ ಭತ್ತ ಎಳೆಯುವ ಹಲುಬೆ ಹಿಡಿದೇ ಮಾತಾಡಿದಳು.

“ಎಂಟನೇದಕ್ಕ ಹೈಸ್ಕೂಲು ರೋಡಿನ ಆ ಕಡಿ ಐತ್ರಿ. ಭತ್ತದ ಲಾರಿ ಒಂದರ ಹಿಂದ ಒಂದು ಬರ್ತಾವು. ಹಾರ್ನ್ ಕೇಳಂಗಿಲ್ಲ ಇಕಿಗಿ. ಒಮ್ಮಿ ಸೈಕಲ್ ಹಾಯ್ದಿತ್ತು, ಲಾರಿ ಹಾಯ್ದ್ರ? ನಾ ಕಳ್ಸಂಗಿಲ್ಲ.”

“ಯಾರಾದರೂ ಜೊತೆಗೆ ಹೋದರೆ?”

“ಒಂದು ವಾರ ಕರ್ಕೊಂಡು ಹೋಗ್ತಾರ. ಆಮ್ಯಾಲ ಯಾರದು ಅವರಿಗಿ ಆಗ್ತೈತಿ.”

ಕಿವಿಗೆ ಹಾಕುವ ಮಿಷನ್ ಇದೆ, ಬಳ್ಳಾರಿಯಲ್ಲಿ ಶಿಬಿರ ಇದೆ, ಸರಕಾರವೇ ಕೊಡುತ್ತದೆ ಎಂದೆ. ತಾಯಿ ಹಲುಬೆ ಕೆಳಗಿಟ್ಟಳು. “ಮಿಷನ್ ಬಂದ್ರ ಕಳಸ್ತೀನಿ. ಬರ್ಲಿಲ್ಲ ಅಂದ್ರ ನೀವು ಬಂದು ಕೇಳಬ್ಯಾಡ್ರಿ” ಎಂದಳು. ಬರುತ್ತದೆ, ನಾನು ಹೊಣೆ ಎಂದೆ. ಹೊಣೆ ಎನ್ನುವ ಮಾತು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಹೆಡ್‌ಮಾಸ್ತರಿಗೆ, ಈ ಹುಡುಗಿಯ ಹೆಸರನ್ನು ಐದನೆಯ ಕಾಲಂನಲ್ಲಿ ಹಾಕಿ, ಶಿಬಿರದ ಪಟ್ಟಿಗೆ ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ ಎಂದು ಹೇಳಿ ಬಸ್ಸು ಹತ್ತಿದೆ.

ತಿಂಗಳ ಕೊನೆಗೆ ಹಾಳೆಗಳೆಲ್ಲ ಬಂದವು. ಎಲ್ಲ ಶಾಲೆಗಳಿಂದಲೂ, ಒಂದೂ ಬಿಡದೆ. ಸಭೆಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೊಗಳಿದರು. ಆಫೀಸಿನ ಕಂಪ್ಯೂಟರ್ ಹುಡುಗಿ ಐದನೆಯ ಕಾಲಂ ನೋಡಿಕೊಂಡೇ ಶಿಬಿರದ ಪಟ್ಟಿ ತಯಾರಿಸಿ, ಕಟ್ಟು ತಂದಿಟ್ಟಳು. ಮಾರನೆಯ ದಿನ ಬೆಳಿಗ್ಗೆ ಅದು ಮೇಲಕ್ಕೆ ಹೋಗಬೇಕಿತ್ತು. ಹೊಗಳಿಕೆಯ ಅಮಲಿನಲ್ಲಿದ್ದೆ. ಹಾಳೆ ತಿರುವುತ್ತಾ ಸಹಿ ಹಾಕುತ್ತಾ ಹೋದೆ, ಓದಲಿಲ್ಲ.

ಶಿಬಿರ ಬಳ್ಳಾರಿಯ ಗಾಂಧಿನಗರದ ಒಂದು ಶಾಲೆಯಲ್ಲಿ. ತಾಯಿ ಕೆಲಸ ಬಿಟ್ಟು, ಮಗಳಿಗೆ ಹಬ್ಬದ ಲಂಗ ಹಾಕಿಸಿ, ಮೊದಲ ಬಸ್ಸಿಗೇ ಬಂದಿದ್ದಳು. ಕಿವಿಯ ಕೋಣೆಯ ಮುಂದೆ ಅಂಟಿಸಿದ ಪಟ್ಟಿಯಲ್ಲಿ ಹುಡುಗಿಯ ಹೆಸರಿಲ್ಲ. ಹುಡುಕುತ್ತಾ ಹೋದರೆ ಕಣ್ಣಿನ ಕೋಣೆಯ ಪಟ್ಟಿಯಲ್ಲಿ ಸಿಕ್ಕಿತು. ‘ಮಂದದೃಷ್ಟಿ’ ಎಂದು ಬರೆದಿತ್ತು.

ಅವಳೊಬ್ಬಳೇ ಅಲ್ಲ. ಎಲ್ಲರೂ ಅಲ್ಲೇ ಇದ್ದರು. ಕಾಲಿನ ತೊಂದರೆಯವರು, ಮಾತು ಬಾರದವರು, ಎಲ್ಲರೂ ಕಣ್ಣಿನ ಕೋಣೆಯ ಮುಂದೆ ಸಾಲು ನಿಂತಿದ್ದರು. ಆಫೀಸಿಗೆ ಫೋನ್ ಮಾಡಿ ಹಾಳೆಗಳನ್ನು ತರಿಸಿ ನೋಡಿದೆ. ಪ್ರತಿ ಶಾಲೆಯಲ್ಲೂ ಕುರುಗೋಡಿನ ಹುಡುಗ. ಮಗುವಿನ ಹೆಸರು ಮಾತ್ರ ಬೇರೆ, ಉಳಿದದ್ದೆಲ್ಲ ನನ್ನ ಮಾದರಿಯ ನಕಲು. ‘ದೃಷ್ಟಿ ಮಂದವಿರುವ ಹುಡುಗನಿಗೆ ಮಣ್ಣನ್ನು ಮುಟ್ಟಿಸಿ ಕಲಿಸಲಾಗುವುದು.’ ಗಣಿತಕ್ಕೂ ಮಣ್ಣು, ಇಂಗ್ಲಿಷಿಗೂ ಮಣ್ಣು. ಬಳ್ಳಾರಿಯ ಒಂದು ಬಾಲಕಿಯರ ಶಾಲೆಯಲ್ಲೂ ‘ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆ’ ಎಂದು ಬರೆದಿದ್ದರು. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಫೋನಿನಲ್ಲಿ ಹೆಡ್‌ಮಾಸ್ತರ ಮೇಲೆ ಹರಿಹಾಯ್ದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮೇಡಂ, ಮಾದರಿ ಅಂತ ನೀವೇ ಕಳಿಸಿದ್ರಿ. ಮೂವತ್ತು ವರ್ಷದಾಗ ಮೇಲಿಂದ ಮಾದರಿ ಅಂತ ಬಂದದ್ದನ್ನ ನಾವು ಒಂದು ಅಕ್ಷರ ಬದಲಿ ಮಾಡಿಲ್ರಿ. ಮಾಡಿದಾವಗ ನೋಟೀಸ್ ಬಂದೈತಿ. ಹೆಸರು ಒಂದು ಬದಲಿ ಮಾಡೂದಕ್ಕ ಸೈತ ನನಗ ಅಂಜಿಕಿ ಆಗಿತ್ತು.”

ಹೌದು, ನಮ್ಮಲ್ಲಿ ಹಾಗೇ. ನಾನು ಮೇಷ್ಟ್ರಾಗಿದ್ದಾಗ ಮಾದರಿಯಲ್ಲಿ ತಪ್ಪಾಗಿ ಕೂಡಿದ್ದ ಲೆಕ್ಕವನ್ನೂ ಹಾಗೇ ಇಳಿಸಿ ಕಳಿಸಿದವಳು. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿಲ್ಲ. ಆದರೆ ನಾನು ಮಾಡಿದ್ದನ್ನು ಉಣ್ಣಬೇಕಾದದ್ದು ಆ ಹುಡುಗಿ.

ಕಿವಿ ಪರೀಕ್ಷೆಗೆ ಬಂದಿದ್ದ ತರುಣಿ ಕರುಣೆಯವಳು. ಪಟ್ಟಿಯಲ್ಲಿಲ್ಲದಿದ್ದರೂ ತನ್ನ ಊಟ ಬಿಟ್ಟು ಹುಡುಗಿಯನ್ನು ಕೂರಿಸಿ ಪರೀಕ್ಷಿಸಿದಳು. “ಮಿಷನ್ ಹಾಕಿದ್ರ ಚೆನ್ನಾಗಿ ಕೇಳ್ತೈತಿ ಮೇಡಂ, ಹಾರ್ನ್ ಅಂತೂ ಖಂಡಿತ” ಎಂದಳು. ತಾಯಿಯ ಮುಖ ಅರಳಿತು. ಆ ಮುಖವನ್ನು ನಾನು ನೋಡಬಾರದಿತ್ತು. ಯಾಕೆಂದರೆ ಆ ತರುಣಿ ಕಂಪ್ಯೂಟರಿನಲ್ಲಿ ಹುಡುಗಿಯ ಹೆಸರು ತೆಗೆದಾಗ ಅದು ‘ಮಂದದೃಷ್ಟಿ’ ಎಂದೇ ತೋರಿಸಿತು, ಅದರಲ್ಲಿ ಕಿವಿಯ ಮಿಷನ್ ಬರೆಯಲು ಜಾಗವೇ ತೆರೆಯಲಿಲ್ಲ. ಪಟ್ಟಿ ಮುಚ್ಚಿದೆ, ಇನ್ನು ಮುಂದಿನ ವರ್ಷವೇ ಎಂದಳು. ಪಕ್ಕದ ಕೋಣೆಯಲ್ಲಿ ಕಣ್ಣಿನ ಡಾಕ್ಟರು ಹುಡುಗಿಯ ಕಣ್ಣಿಗೆ ದೀಪ ಬಿಟ್ಟು ನೋಡಿ, ನಕ್ಕು, ‘ಏನೂ ಬೇಕಿಲ್ಲ’ ಎಂದು ಬರೆದು ಕಳಿಸಿದರು.

ಸಾಹೇಬರ ಹತ್ತಿರ ಓಡಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಪಟ್ಟಿಯನ್ನು ನನ್ನ ಕಡೆ ತಿರುಗಿಸಿ, “ಸಹಿ ನಿಮ್ದೇ ಐತಲ್ಲ ಮೇಡಂ” ಎಂದರು, ಅಷ್ಟೇ. ತಿದ್ದುಪಡಿಗೆ ಪತ್ರ ಬರೆಯಲು ಹೇಳಿದರು. ಬರೆದೆ. ಒಂದಲ್ಲ, ನಾಲ್ಕು ಬರೆದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಯಾರೆಂದೇ ನನಗೆ ತಿಳಿಯಲಿಲ್ಲ, ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಹೊರಗೆ ನನ್ನ ದುಡ್ಡಿನಲ್ಲಿ ಮಿಷನ್ ಕೊಡಿಸುತ್ತೇನೆ ಎಂದು ತಾಯಿಗೆ ಹೇಳಿ ನೋಡಿದೆ. “ಬ್ಯಾಡ್ರಿ. ಕೆಟ್ರ ಯಾರ್ನ ಕೇಳೂದು? ಸರಕಾರದ್ದಾದ್ರ ಸಾಲಿಗಿ ಹೋಗಿ ಕೇಳಾಕ ಬರ್ತೈತಿ” ಎಂದಳು. ಅದೂ ನಿಜವೇ. ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಜೂನ್ ಬಂತು. ಹೈಸ್ಕೂಲು ಶುರುವಾಯಿತು. ಹುಡುಗಿ ಹೋಗಲಿಲ್ಲ.

ಶಾಲೆ ಬಿಟ್ಟ ಮಕ್ಕಳ ಬಗ್ಗೆ ಒಂದೊಂದು ವರದಿ ಕಳಿಸಬೇಕು, ಅದಕ್ಕೆ ಹೆಡ್‌ಮಾಸ್ತರ ಸಹಿಯ ಜೊತೆ ನನ್ನದೂ ಬೇಕು. ಹೋದೆ. ಹುಡುಗಿ ತಾಯಿಯ ಹೆಬ್ಬೆಟ್ಟು ಹಾಕಿದ ಕಾಗದ ತಂದುಕೊಡಲು ಅಲ್ಲೇ ಮೇಜಿನ ಆ ಕಡೆ ನಿಂತಿದ್ದಳು. ಹೆಡ್‌ಮಾಸ್ತರು ‘ಕಾರಣ’ ಎಂಬಲ್ಲಿ ಬೆರಳಿಟ್ಟು ನನ್ನನ್ನು ನೋಡಿದರು.

“ಕಿವಿ ಅಂತ ಬರಿಯಲೇನ್ರಿ?”

“ಕಿವಿ ಅಂತಲೇ ಬರೀರಿ.”

“ಹೋದ ವಾರ ನಿಮ್ಮ ಸಹಿಗಿಂತ ಮೊದ್ಲ ಹಂಗ ಬರದು ಕಳ್ಸಿ ನೋಡಿದ್ದೆ ಮೇಡಂ. ಕಂಪ್ಯೂಟರಿನ್ಯಾಗ ಇದ್ದದ್ದಕ್ಕ ಹೊಂದಂಗಿಲ್ಲ ಅಂತ ವಾಪಸ್ ಬಂದೈತಿ.”

ಅವರು ಬರೆದರು. ಹುಡುಗಿ ಮೇಜಿನ ಆ ಕಡೆಯಿಂದಲೇ, ತಲೆಕೆಳಗಾಗಿದ್ದ ಅಕ್ಷರಗಳನ್ನು ತಡವರಿಸದೆ ತನ್ನ ಜೋರು ದನಿಯಲ್ಲಿ ಓದಿದಳು. “ಕಾರಣ, ಮಂದದೃಷ್ಟಿ. ಮೇಡಂ, ನನಗ ಕಾಣತೈತಲ್ರಿ?”

ಅವಳ ಎದುರಿಗೆ ಮುಖ ಮಾಡಿ ನಿಧಾನವಾಗಿ ಹೇಳಿದೆ. “ಹೌದವ್ವ, ಕಾಣತೈತಿ. ಅದು ತಪ್ಪು. ನನ್ನ ತಪ್ಪು.”

“ತಪ್ಪಿದ್ರ ತಿದ್ರಿ ಮತ್ತ” ಎಂದಳು, ಮೇಜಿನ ಮೇಲಿದ್ದ ಪೆನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ಪೆನ್ನು ತೆಗೆದುಕೊಂಡೆ. ಹೆಡ್‌ಮಾಸ್ತರು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ.