ಕೂಲರ್ ಕೂತ ಕಿಟಕಿ

ಸೆಕೆ ತಾಳಲಾರದೆ ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ, ಬೆರಳು ಚುರ್ರೆಂದಿತು. ದುಪಟ್ಟಾದ ತುದಿಯಿಂದ ಹಿಡಿದು ತೆರೆದರೆ ಇಟ್ಟಿಗೆ ಗೂಡಿನ ಬಾಯಿಂದ ಬರುವಂಥ ಝಳ ಮುಖಕ್ಕೆ ರಾಚಿತು. ಸೆಕೆಯಾದರೆ ಕಿಟಕಿ ತೆರೆಯಬೇಕು ಎಂಬುದು ಮೈಸೂರಿನಲ್ಲಿ ನಾನು ವಾದ ಮಾಡದೆ ಒಪ್ಪಿಕೊಂಡಿದ್ದ ಕೆಲವೇ ಸಂಗತಿಗಳಲ್ಲಿ ಒಂದು. ನಾಗಪುರದ ಮೊದಲ ಏಪ್ರಿಲ್ಲಿನಲ್ಲಿ ಅದೂ ಹೋಯಿತು.

‘ಏ ಮೈಸೂರ್! ಕಿಡಕಿ ಯಾಕ ತಗದಿ? ಊರಾಗಿನ ಬಿಸಲೆಲ್ಲಾ ನಿನ್ನ ಖೋಲ್ಯಾಗ ಕರ್ಕೋತಿಯೇನ? ಹಾಕ್ ಮೊದಲ!’

ಕೆಳಗಿನಿಂದ ಕೂಗಿದ್ದು ಮನೆಯೊಡತಿ ಲೀಲಾ ಕಾಕು. ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ. ಮೂಲ ಜಮಖಂಡಿಯವರು; ವಾಯುಪಡೆಯಲ್ಲಿದ್ದ ಗಂಡನ ಜೊತೆ ಬಂದು, ಅವರು ನಿವೃತ್ತರಾದ ಮೇಲೂ ಈ ಧರಮಪೇಠ ಬಡಾವಣೆಯಲ್ಲೇ ಉಳಿದವರು. ಅವರ ಕನ್ನಡದಲ್ಲಿ ಮರಾಠಿ ಧಾರಾಳ. ನನ್ನ ಕನ್ನಡಕ್ಕೆ ಅವರಿಟ್ಟ ಹೆಸರು ‘ರೇಡಿಯೋ’. ಅವರ ಮನೆಯ ಮಹಡಿಯ ಮೇಲೆ ಒಂದು ಕೋಣೆ, ಆ ಕೋಣೆಗೆ ಒಂದೇ ಕಿಟಕಿ: ಅಷ್ಟು ನನ್ನದು.

‘ಕೂಲರ್ ಹಚ್ಚಿಸ್ಕೊ’ ಎಂದು ಕಾಕು ದಿನಾ ಹೇಳುತ್ತಿದ್ದರು. ಇಲ್ಲಿಯ ಕೂಲರ್ ಎಂದರೆ ದೊಡ್ಡ ತಗಡಿನ ಪೆಟ್ಟಿಗೆ. ಮೂರು ಬದಿಗೆ ಒದ್ದೆ ಹುಲ್ಲಿನ ಪರದೆ, ಒಳಗೆ ನೀರು, ನಡುವೆ ಫ್ಯಾನು. ಕಿಟಕಿಯ ಬಾಗಿಲು ಕಿತ್ತು, ಅದರ ಬಾಯಿಗೇ ಇದನ್ನು ಕೂರಿಸುತ್ತಾರೆ. ಕೂರಿಸಿದರೆ ಮಳೆಗಾಲದವರೆಗೆ ಕಿಟಕಿ ಇಲ್ಲ.

‘ಬೇಡ ಕಾಕು, ಮುಂದಿನ ತಿಂಗಳು ಬೆಂಗಳೂರಿಗೆ ವರ್ಗ ಆಗುತ್ತೆ.’

‘ಮುಂದಿನ ತಿಂಗಳು ಅನಕೋತನ ನಾನೂ ಬಂದಾಕಿ. ಈಗ ನೋಡು, ಮೊಮ್ಮಗಳು ನನ್ನ ಕೂಡ ಮರಾಠ್ಯಾಗ ಜಗಳಾ ತಗೀತಾಳ.’

ನಾನು ಕಲ್ಲಿದ್ದಲಿನ ಮಾದರಿಗಳನ್ನು ಪರೀಕ್ಷಿಸುವ ಒಂದು ಖಾಸಗಿ ಪ್ರಯೋಗಾಲಯದಲ್ಲಿದ್ದೇನೆ. ಕಲ್ಲಿದ್ದಲು ಎಷ್ಟು ಶಾಖ ಕೊಡುತ್ತದೆಂದು ಅಳೆಯುವವಳು ನನ್ನ ಕೋಣೆಯ ಶಾಖವನ್ನು ಅಲ್ಲಗಳೆಯುತ್ತಿದ್ದೆ. ಕಾರಣ ಸರಳ. ಕೂಲರ್ ಕೂರಿಸಿದರೆ ಇಲ್ಲಿರುತ್ತೇನೆಂದು ಒಪ್ಪಿಕೊಂಡಂತೆ. ಹಾಗಾಗಿ ಹಾಸಿಗೆ ನೆಲದ ಮೇಲೇ ಇತ್ತು, ಪಾತ್ರೆಗಳು ಡಬ್ಬದಲ್ಲೇ ಇದ್ದವು, ಮರಾಠಿ ಕಲಿಯುವ ಮಾತೇ ಇರಲಿಲ್ಲ.

ಒಮ್ಮೆ ಕಚೇರಿಗೆ ತರಬೇತುದಾರರೊಬ್ಬರು ಬಂದು, ಬದಲಾವಣೆಯನ್ನು ಅಪ್ಪಿಕೊಂಡವರೇ ಬೆಳೆಯುತ್ತಾರೆ ಎಂದರು. ‘ಹಾಗಾದರೆ ಮುಖ್ಯ ಕಚೇರಿಯವರನ್ನು ಇಲ್ಲಿಗೆ ಕಳಿಸಿ ಯಾಕೆ ಯಾರೂ ಬೆಳೆಸುತ್ತಿಲ್ಲ?’ ಎಂದು ಕೇಳಿದೆ. ಎಲ್ಲರೂ ನಕ್ಕರು. ಇಂಗ್ಲಿಷಿನಲ್ಲಿ ಕೇಳಿದ್ದೆ, ಅದಕ್ಕೇ ಗೆದ್ದೆ. ಹಿಂದಿಯಲ್ಲಿ ನಾನು ಸೋತವಳು. ಆಟೋದವನಿಗೆ ಕೊಡಬೇಕಾದ ಉತ್ತರ ಮೆಟ್ಟಿಲು ಹತ್ತುವಾಗ ಹೊಳೆಯುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿಸುತ್ತಿದ್ದರು, ಯಾವುದು ಬಂದರೂ ಮಾತಾಡುತ್ತಿದ್ದೆ. ಇಲ್ಲಿಗೆ ಕಳಿಸುವಾಗ ಯಾರೂ ಚೀಟಿ ಎತ್ತಿಸಲಿಲ್ಲ. ಆಯ್ಕೆಯಿಲ್ಲದ್ದನ್ನು ಅಪ್ಪಿಕೊ ಎನ್ನುವುದು ಕಟ್ಟಿಹಾಕಿದವನು ಹಗ್ಗವನ್ನು ಹೊಗಳು ಎಂದಂತೆ. ಈ ಮಾತನ್ನು ನಾನಿನ್ನೂ ಹಿಂತೆಗೆದುಕೊಂಡಿಲ್ಲ.

ಆದರೆ ಒಂದು ಮಧ್ಯಾಹ್ನ ಕೆಲಸದಿಂದ ಬಂದವಳು ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕುಸಿದೆ. ಎಚ್ಚರವಾದಾಗ ಕಾಕುವಿನ ಮಂಚದ ಮೇಲೆ, ಅವರ ಕೂಲರಿನ ಎದುರಿಗಿದ್ದೆ. ಕೈಗೆ ಪನ್ಹ ಕೊಟ್ಟರು. ಮಾವಿನಕಾಯಿ ಬೇಯಿಸಿ ಬೆಲ್ಲ ಹಾಕಿ ಮಾಡುವ ಪಾನಕ.

‘ನಿನ್ನ ವರ್ಗ ಆಗಲಿ, ಕೂಲರ್ ನಾನ ಇಟ್ಕೋತೀನಿ. ಆಗೂತನಕ ಜೀವ ಇರಬೇಕೋ ಬ್ಯಾಡೋ? ಈಗ ಮಾಡ ವಾದ!’

ವಾದದ ಬದಲು ಆ ಮಂಚದಿಂದಲೇ ಬೆಂಗಳೂರಿನ ಅಧಿಕಾರಿಗೆ ಫೋನ್ ಮಾಡಿದೆ. ನಾನು ಕಾಯುತ್ತಿದ್ದ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿದೆ ಎಂದರು. ಮುಂದಿನ ವರ್ಷವಾದರೂ ಆಗುತ್ತದೆಯೇ ಎಂದು ಕೇಳಿದೆ. ‘ನೋಡೋಣ’ ಎಂದರು. ನಾನು ಫೋನ್ ಇಡುವುದನ್ನು ನೋಡಿದ ಕಾಕು ಲೋಟಕ್ಕೆ ಇನ್ನಷ್ಟು ಪನ್ಹ ಸುರಿದರು.

ಕೂಲರ್ ಬಂತು. ಕಿಟಕಿಯಾಚೆಗೆ ಕಾಣುತ್ತಿದ್ದ ಬೇವಿನ ಮರ, ಸ್ಕೂಟರುಗಳ ರಸ್ತೆ ಎಲ್ಲ ತಗಡಿನ ಹಿಂದೆ ಹೋದವು. ಕೋಣೆ ಕತ್ತಲಾಯಿತು. ಕೂಲರ್ ವಿಮಾನದಂತೆ ಮೊರೆಯುತ್ತಿತ್ತು, ಆದರೆ ವಿಮಾನದ ಹಾಗೆ ನನ್ನನ್ನು ಎಲ್ಲಿಗೂ ಒಯ್ಯುತ್ತಿರಲಿಲ್ಲ. ಎಂದಿನಂತೆ ಬಾಗಿಲ ಚಿಲಕ ಹಾಕಿ ಮಲಗಿದೆ. ಸ್ವಲ್ಪ ಹೊತ್ತಿಗೆ ಹಾಸಿಗೆ ಜಿಬಿಜಿಬಿ, ಗೋಡೆ ತೇವ, ಉಸಿರಾಡಲು ಆಗದು. ಸಿಟ್ಟಿನಿಂದ ಇಳಿದುಹೋಗಿ, ‘ನಿಮ್ಮ ಕೂಲರ್ ಬರೀ ಮೋಸ’ ಎಂದೆ.

ಕಾಕು ಮೊಣಕಾಲು ಹಿಡಿದುಕೊಂಡು ಮೇಲೆ ಬಂದರು. ಬಾಗಿಲನ್ನು ಒಂದು ಗೇಣಿನಷ್ಟು ತೆರೆದರು.

‘ಒಳಗಿನ ಹವಾ ಹೋಗಾಕ ದಾರಿ ಬೇಕಲ್ಲಾ ಶ್ಯಾಣ್ಯಾಕಿ? ಹಳೇದು ಹೋದ್ರ ಹೊಸಾದು ಬರ್ತೈತಿ. ಬರೋಬರ್ ಐತಿಲ್ಲೋ?’

ಬರೋಬರ್, ಅಂದರೆ ಸರಿ. ಸರಿಯೇ ಇತ್ತು, ಕೋಣೆ ತಣ್ಣಗಾಯಿತು. ತರಬೇತುದಾರರು ಸಿಕ್ಕಿದ್ದರೆ ಇದರಿಂದ ಒಂದು ಭಾಷಣ ಹಿಂಡುತ್ತಿದ್ದರು. ನಾನು ಕಂಡದ್ದು ಇಷ್ಟು: ತೆರೆದ ಬಾಗಿಲಿಂದ ಒಳಗಿನ ಗಾಳಿಯೇನೋ ಹೋಯಿತು, ಬದಲಿಗೆ ಕಾಕುವಿನ ಮೊಮ್ಮಗಳು ಸಯಿ ಬಂದಳು, ಪಕ್ಕದ ಮನೆಯ ಉಪ್ಪಿನಕಾಯಿ ಬಂತು, ನನ್ನ ಮದುವೆಯ ಪ್ರಶ್ನೆ ಬಂತು. ಕಿಟಕಿ ಮೊದಲೇ ಹೋಗಿತ್ತು, ಈಗ ಬಾಗಿಲೂ ನನ್ನದಾಗಿ ಉಳಿಯಲಿಲ್ಲ. ಸಯಿಯ ಜೊತೆ ಜಗಳವಾಡಲಿಕ್ಕಾದರೂ ಮರಾಠಿ ಬೇಕಾಯಿತು. ನನ್ನ ಕೋಣೆಯಲ್ಲಿ ಮಂಚ ಯಾವ ಗೋಡೆಗೆ ತಾಗಬೇಕೆಂಬ ವಾದದಲ್ಲಿ ಅವಳನ್ನು ಮೊದಲ ಸಲ ಮರಾಠಿಯಲ್ಲೇ ಸೋಲಿಸಿದೆ. ಆಮೇಲೆ ಹೊಳೆಯಿತು, ಮಂಚ ಕೊಂಡಾಗಿದೆ.

ಬೆಳೆದೆನೇ? ಗೊತ್ತಿಲ್ಲ. ಮುಂದಿನ ವರ್ಷ ಎಲ್ಲಿರುತ್ತೇನೆಂಬುದೂ ಗೊತ್ತಿಲ್ಲ. ಆ ಗೊತ್ತಿಲ್ಲದ್ದರ ಜೊತೆ ದಿನವಿಡೀ ವಾದಿಸುವುದನ್ನು ಬಿಟ್ಟಿದ್ದೇನೆ, ಅಷ್ಟೆ. ಮಧ್ಯಾಹ್ನ ನಿದ್ದೆ ಬರುತ್ತದೆ.

ಮೇ ತಿಂಗಳ ಕೊನೆಯಲ್ಲಿ ರಜೆಗೆ ಮೈಸೂರಿಗೆ ಹೋದೆ. ಊಟವಾದ ಮೇಲೆ ಎದ್ದು ನಡುಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಾ ಬಂದೆ. ಅಡುಗೆಮನೆಯಿಂದ ಅಮ್ಮ ಬಂದಳು.

‘ಇದೇನೇ ಇದು? ಒಳ್ಳೇ ಗಾಳಿ ಬರ್ತಿದೆ, ಯಾಕೆ ಮುಚ್ತಿದೀಯ?’

‘ಅಲ್ಲಿ ಹೀಗೇ ಮಾಡೋದು.’

‘ಇದು ಅಲ್ಲಿ ಅಲ್ವಲ್ಲ!’

ಚಿಲಕದ ಮೇಲೆ ಕೈ ಇತ್ತು. ಚಿಲಕ ತಣ್ಣಗಿತ್ತು. ಕಿಟಕಿಗಳನ್ನೆಲ್ಲ ಮತ್ತೆ ತೆರೆದೆ. ಆಮೇಲೆ ನನ್ನ ಹಳೆಯ ಕೋಣೆಗೆ ಹೋಗಿ, ಅಲ್ಲಿ ಕೂಲರೂ ಇಲ್ಲ ಏನೂ ಇಲ್ಲ, ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಮಲಗಿದೆ.