ಮೂರು ಬೀಗದ ಮನೆ

ಶಿರಸಿಯಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಪ್ರವಾಸಿಗರ ವಸತಿ ಮಾಡಲು ಹೊರಟರು. ಎರಡು ತಿಂಗಳಲ್ಲಿ ಖಾಲಿ ಮಾಡಿ ಎಂದರು. ನಾನು ಬಸ್ ಕಂಡಕ್ಟರ್. ಜೊತೆಗೆ ಮಂಡಿನೋವಿನ ಅವ್ವ. ನಮ್ಮದು ಬನವಾಸಿ ಕಡೆಯ ಹಳ್ಳಿ. ಅಲ್ಲಿಂದ ಬೆಳಗಿನ ಮೊದಲ ಪಾಳಿಗೆ ಬಂದು ಮುಟ್ಟುವುದು ಆಗದ ಮಾತು.

ಪಾಳಿ ಮುಗಿಸಿ ಖಾಕಿಯಲ್ಲೇ ಓಣಿ ಓಣಿ ಅಲೆದೆ. ಮನೆಯಲ್ಲಿ ಗಂಡಸರು ಯಾರಿದ್ದಾರೆ ಎಂದು ಕೇಳುತ್ತಿದ್ದರು. ಯಾರೂ ಇಲ್ಲ ಎಂದ ಕೂಡಲೇ ಆ ಮನೆ ಬೇರೆ ಯಾರಿಗೋ ಮಾತಾಗಿರುತ್ತಿತ್ತು. ಹಾಗೆ ಅಲೆಯುವಾಗಲೇ ಬೀಗ ಹಾಕಿದ ಮನೆಗಳು ಕಣ್ಣಿಗೆ ಬೀಳತೊಡಗಿದವು. ಒಂದೇ ಓಣಿಯಲ್ಲಿ ನಾಲ್ಕು. ಅವುಗಳಲ್ಲೊಂದರ ಮುಂಬಾಗಿಲಿಗೆ ಮೂರು ಬೀಗಗಳಿದ್ದವು.

ಎದುರು ಮನೆಯ ಹೆಂಗಸು ಕಾರಣ ಹೇಳಿದರು. ತಂದೆ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಪಾಲಿಗಾಗಿ ಕೋರ್ಟಿಗೆ ಹೋಗಿದ್ದಾರೆ. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲದೆ ಮೂವರೂ ಒಂದೊಂದು ಬೀಗ ಜಡಿದಿದ್ದಾರೆ. ಎಂಟು ವರ್ಷವಾಯಿತು.

ಹಿರಿಯ ಮಗನಿಗೆ ಊರಂಚಿನಲ್ಲಿ ಲಾರಿ ಗ್ಯಾರೇಜು. ಹೋಗಿ ಕೇಳಿದೆ. "ಮನಿ ಖಾಲಿ ಐತಲ್ರಿ ಅಣ್ಣಾ, ನಮಗ ಬಾಡಗಿಗೆ ಕೊಡ್ರಿ. ಕೇಸು ಮುಗಿದ ದಿನ ಬಿಟ್ಟು ಹೋಗ್ತೀವಿ."

ಆತ ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳುತ್ತ ನಕ್ಕ. "ನಾನೊಬ್ಬ ಬೀಗ ತೆಗೆದ್ರೆ ಎಂತ ಉಪಯೋಗ ಅಕ್ಕಾ? ಅವರಿಬ್ಬರನ್ನ ಒಪ್ಪಿಸಿ ಬನ್ನಿ. ನನ್ನ ಹೆಸರು ಮಾತ್ರ ಎತ್ತಬೇಡಿ, ಎತ್ತಿದ್ರೆ ಕೆಲಸ ಕೆಡ್ತದೆ."

ಮುಂದಿನ ವಾರದ ರಜೆಯಲ್ಲಿ ಸಿದ್ದಾಪುರಕ್ಕೆ ಹೋದೆ. ಆ ಮನೆಯ ಮಗಳನ್ನು ಕೊಟ್ಟದ್ದು ಅಲ್ಲಿಗೆ. ಆಕೆ ಹೊಲಿಗೆ ಯಂತ್ರದ ಮುಂದಿದ್ದಳು. ನಾನು ಹೇಳುವುದನ್ನೆಲ್ಲ ಕೇಳುತ್ತ ಒಂದು ರವಿಕೆಯ ತೋಳು ಮುಗಿಸಿದಳು. ಆಮೇಲೆ ಅಂದಳು: "ನಮ್ಮ ಅಬ್ಬಾ ತೀರಿಹೋದ ಮೇಲೆ ಆ ಮನೆ ಒಳಗೆ ನಾನು ಕಾಲಿಟ್ಟಿಲ್ಲ. ಕೊಡ್ತೇನೆ. ಆದ್ರೆ ನನ್ನ ಬೀಗ ನಾನೇ ಬಂದು ತೆಗಿಬೇಕು."

ಕಿರಿಯವನು ಯಲ್ಲಾಪುರದಲ್ಲಿ ಲಾರಿ ಓಡಿಸುತ್ತಿದ್ದ. ಆ ಮಾರ್ಗದ ಪಾಳಿ ಕೇಳಿ ಹಾಕಿಸಿಕೊಂಡೆ. ಬಸ್ಸು ಅಲ್ಲಿ ನಿಲ್ಲುವ ಅರ್ಧ ಗಂಟೆಯಲ್ಲಿ ಅವನ ಮನೆಗೆ ಓಡುತ್ತಿದ್ದೆ. ಮೂರು ಸಲ ಅವನು ಊರಲ್ಲಿರಲಿಲ್ಲ. ನಾಲ್ಕನೆಯ ಸಲ ಸಿಕ್ಕಿದ. "ಒಳಗೆ ಹೊಕ್ಕವರು ಹೊರಗೆ ಬರೋದಿಲ್ಲ ಅಂದ್ರೆ ನಾವೇನು ಮಾಡೋದು?" ಎಂದ. ಆ ಭಯ ಸುಳ್ಳೆಂದು ನಾನು ಹೇಗೆ ಹೇಳಲಿ? ಹನ್ನೊಂದು ತಿಂಗಳ ಕರಾರು, ಮೂವರ ಸಹಿ, ಅವರ ತಂದೆತಾಯಿಯ ಸಾಮಾನು ಒಂದು ಕೋಣೆಯಲ್ಲಿ ಬಂದ್. ಇಷ್ಟಕ್ಕೆ ಅವನು ಒಪ್ಪಿದ. ಬಸ್ಸು ಏಳು ನಿಮಿಷ ತಡವಾಗಿ ಹೊರಟಿತು. ಡ್ರೈವರ್ ಶಿರಸಿ ಮುಟ್ಟುವವರೆಗೂ ಗೊಣಗುತ್ತಲೇ ಇದ್ದ.

ಬಾಗಿಲು ತೆಗೆಯುವ ದಿನ ಮೂವರೂ ಬಂದರು. ಯಾರೂ ಯಾರ ಮುಖ ನೋಡಲಿಲ್ಲ. ಅಣ್ಣ ತೆಗೆದ, ತಂಗಿ ತೆಗೆದಳು. ಕಿರಿಯವನ ಬೀಗ ತುಕ್ಕು ಹಿಡಿದು ಕೀಲಿ ತಿರುಗಲಿಲ್ಲ. ಅವನ ಹಣೆ ಬೆವರಿತು. ಅಣ್ಣ ಗ್ಯಾರೇಜಿಗೆ ಹೋಗಿ ಗರಗಸ ತಂದ. "ಗಟ್ಟಿಯಾಗಿ ಹಿಡಿ" ಎಂದ. ತಮ್ಮ ಬೀಗ ಹಿಡಿದ. ಅಣ್ಣ ಕೊಯ್ದ. ಎಂಟು ವರ್ಷದಲ್ಲಿ ಅವರ ನಡುವೆ ಆದ ಮೊದಲ ಮಾತು ಅದು ಎಂದು ತಂಗಿ ನನಗೆ ಆಮೇಲೆ ಹೇಳಿದಳು.

ಒಳಗೆ ಗೋಡೆಯುದ್ದಕ್ಕೂ ಗೆದ್ದಲು ಹತ್ತಿತ್ತು. ಅಡುಗೆಮನೆಯ ಮಾಡು ಒಂದು ಕಡೆ ಕುಸಿದಿತ್ತು. ತಂಗಿ ಒಲೆಯ ಹತ್ತಿರ ಕೂತು ಅತ್ತಳು. ಅಣ್ಣತಮ್ಮಂದಿರು ಹೊರಗೆ ಅಂಗಳದಲ್ಲಿ ದೂರ ದೂರ ನಿಂತಿದ್ದರು. ಇನ್ನು ರಾಜಿಯಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ತಂದೆತಾಯಿಯ ಸಾಮಾನಿಟ್ಟ ಒಳಕೋಣೆಗೆ ಯಾರ ಬೀಗ ಎಂಬುದಕ್ಕೆ ಮತ್ತೆ ದನಿ ಏರಿತು. ಕೊನೆಗೆ ಅದಕ್ಕೂ ಮೂರು ಬೀಗ ಬಿದ್ದವು.

ನಾವು ಬಂದು ಮೂರನೆಯ ವರ್ಷ. ಕೇಸು ಇನ್ನೂ ನಡೆಯುತ್ತಿದೆ. ಪ್ರತಿ ಹನ್ನೊಂದು ತಿಂಗಳಿಗೆ ನಾನು ಹೊಸ ಕರಾರು ಹಿಡಿದು ಗ್ಯಾರೇಜು, ಸಿದ್ದಾಪುರ, ಯಲ್ಲಾಪುರ ಸುತ್ತುತ್ತೇನೆ. ಪ್ರತಿ ಸಲವೂ ಅದೇ ಮಾತು ಮೊದಲಿನಿಂದ ಆಡಬೇಕು. "ಇದು ಮನಿ ಅಲ್ಲವ್ವಾ, ಇನ್ನೊಂದು ನೌಕರಿ" ಎನ್ನುತ್ತಾಳೆ ಅವ್ವ. ಆದರೂ ಮಾಡು ರಿಪೇರಿಯಾಗಿದೆ, ಅವಳಿಗೆ ಹತ್ತಲು ಮೆಟ್ಟಿಲಿಲ್ಲ, ನಸುಕಿನಲ್ಲಿ ನಾನು ನಡೆದೇ ಡಿಪೋ ಮುಟ್ಟುತ್ತೇನೆ.

ಹೋದ ತಿಂಗಳು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಹೆಂಗಸೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಇದ್ದ ಬಾಡಿಗೆ ಮನೆ ಬಿಡಿಸಿದ್ದಾರೆ. ನಮ್ಮ ಓಣಿಯ ಕೊನೆಯ ಬೀಗದ ಮನೆ ಯಾರದು ಎಂದು ಕೇಳಿದಳು. ವಿಳಾಸ ಹೇಳಿ ಅವಳನ್ನು ಕಳಿಸಬಹುದಿತ್ತು. ಮೈಯಲ್ಲಿ ಕಸುವಿರಲಿಲ್ಲ. ಆದರೂ ರಜೆಯ ದಿನ ಅವಳ ಜೊತೆ ಆ ಬೀಗದ ಮನೆಯ ಮಾಲೀಕರಲ್ಲಿಗೆ ಹೋದೆ. ಅವರು ಚಹಾ ಕೊಟ್ಟರು, ವಿಚಾರ ಮಾಡಿ ಹೇಳ್ತೇವೆ ಎಂದರು. ಇನ್ನೂ ಹೇಳಿಲ್ಲ. ಬರುವ ರಜೆಗೆ ಮತ್ತೆ ಹೋಗಬೇಕು.